ನಮ್ಮ ಪ್ರಶ್ನೆಯನ್ನು ಮುಗಿಸುವವರು ಯಾರು?

ನಮ್ಮ ತಾತ ಶಾನುಭೋಗರ ಜಗಲಿಯ ಕೆಳಗೆ ನಿಂತು ಒಂದು ಮಾತನ್ನೂ ಪೂರ್ತಿ ಆಡಿದವನಲ್ಲ. ಇದು ನಾನು ಕಂಡದ್ದಲ್ಲ, ನಮ್ಮಪ್ಪ ಹೇಳಿದ್ದು. "ಬುದ್ಧೀ, ನಮ್ ತೋಟಿ ಇನಾಮ್ತಿ ಹೊಲ ಐತಲ್ಲ, ಅದ್ರದು..." ಅನ್ನುವಷ್ಟರಲ್ಲಿ ಮೇಲಿನಿಂದ "ಗೊತ್ತು ಬಿಡೋ, ಕಂದಾಯ ತಾನೆ, ಸುಗ್ಗಿ ಮೇಲೆ ಕಟ್ಟುವಿಯಂತೆ ಹೋಗು" ಅಂತ ಉತ್ತರ ಬಂದುಬಿಡುತ್ತಿತ್ತಂತೆ. ತಾತ ಕೇಳಲು ಹೋಗಿದ್ದು ಕಂದಾಯದ ವಿಷಯವಲ್ಲ. ಹೊಲ ಈಗ ಯಾರ ಹೆಸರಿನಲ್ಲಿದೆ ಅಂತ ಕೇಳಲು ಹೋಗಿದ್ದ. ಅರ್ಧ ಪ್ರಶ್ನೆ ಅವನದು, ಉಳಿದರ್ಧ ಶಾನುಭೋಗರದು. ಉತ್ತರ ಬಂದದ್ದು ಅವರ ಅರ್ಧಕ್ಕೆ.

ಇದು ನೆನಪಾದದ್ದು ಕಂಪ್ಯೂಟರಿನ ಮುಂದೆ ಕೂತಾಗ. ನಾನು ಹೊರಗುತ್ತಿಗೆಯ ಮೇಲೆ ಡಾಟಾಬೇಸ್ ಕೆಲಸ ಮಾಡುವವನು. ಡಾಟಾಬೇಸ್ ಅಂದಕೂಡಲೆ ಗಾಬರಿಯಾಗಬೇಕಿಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ನೆನೆಸಿಕೊಳ್ಳಿ. ಅಲ್ಲಿ ರಿಜಿಸ್ಟರುಗಳಿವೆ, ರಿಜಿಸ್ಟರಿನಲ್ಲಿ ಕಾಲಂಗಳಿವೆ, ಒಂದೊಂದು ಸಾಲಿಗೂ ಒಬ್ಬೊಬ್ಬ ಮನುಷ್ಯ. ಆ ರೂಮಿನ ಬಾಗಿಲಲ್ಲಿ ನಿಂತು "ಇಂಥಿಂಥವರ ಹೆಸರು ಕೊಡು" ಎಂದು ಕೇಳುವ ಚೀಟಿಗೆ ಕ್ವೆರಿ ಅನ್ನುತ್ತಾರೆ. ಕ್ವೆರಿ ಅಂದರೆ ಪ್ರಶ್ನೆಯೇ. ಅದನ್ನು ಬರೆಯುವುದಕ್ಕೆ ಎಸ್‌ಕ್ಯೂಎಲ್ ಎಂಬ ಭಾಷೆ ಇದೆ. ಈಗ ಆ ಪ್ರಶ್ನೆಯನ್ನು ನಾನು ಪೂರ್ತಿ ಬರೆಯಬೇಕಾಗಿಲ್ಲ. ನಾಲ್ಕು ಅಕ್ಷರ ಒತ್ತಿದರೆ ಸಾಕು, ಮಿಕ್ಕದ್ದು ಪರದೆಯ ಮೇಲೆ ಬೂದು ಬಣ್ಣದಲ್ಲಿ ತಾನಾಗಿಯೇ ಮೂಡುತ್ತದೆ. ಟ್ಯಾಬ್ ಕೀಲಿ ಒತ್ತಿದರೆ ಬೂದು ಅಕ್ಷರ ಗಟ್ಟಿಯಾಗುತ್ತದೆ. ನನ್ನ ಪ್ರಶ್ನೆ ಮುಗಿಯಿತು ಅಂತ ಲೆಕ್ಕ.

ಹಾಗಂತ ಈ ಯಂತ್ರವೇ ಹೊಸ ಶಾನುಭೋಗ ಅಂತ ಒಂದೇ ಏಟಿಗೆ ಬೈದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಯಾಕೆಂದರೆ ಇದೇ ಯಂತ್ರ ನನಗೆ ಅನ್ನ ಕೊಟ್ಟಿದೆ. ಕನ್ನಡ ಮೀಡಿಯಂ ಓದಿ ಬೆಂಗಳೂರಿಗೆ ಬಂದವನು ನಾನು. ಒಂದು ಕಾಮಾ ತಪ್ಪಿದರೆ ಕೆಂಪಕ್ಷರದಲ್ಲಿ ಇಂಗ್ಲಿಷಿನ ಬೈಗುಳ ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದವರು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದರು. ಅವರ ಮನೆಗಳಲ್ಲಿ ಬಾಯಿಪಾಠ ಮಾಡುವುದು ಸಾವಿರಾರು ವರ್ಷದ ಕಸುಬು. ನಮ್ಮ ಮನೆಯಲ್ಲಿ ಅದನ್ನು ಕೇಳಿಸಿಕೊಂಡರೂ ತಪ್ಪಾಗಿದ್ದ ಕಾಲವಿತ್ತು. ಈಗ ಯಂತ್ರ ಅಕ್ಷರ ಹೇಳಿಕೊಡಲು ಶುರುಮಾಡಿದ ಮೇಲೆ "ಟ್ಯಾಬ್ ಒತ್ತೋದೆಲ್ಲ ಒಂದು ವಿದ್ಯೆಯೇನ್ರೀ" ಅಂತ ಮೂಗು ಮುರಿಯುತ್ತಿರುವವರು ಇವರೇ. ಯಾವ ವಿದ್ಯೆ ಎಲ್ಲರ ಕೈಗೆ ಸಿಕ್ಕಿತೋ ಅದು ವಿದ್ಯೆಯೇ ಅಲ್ಲ ಅನ್ನುವುದು ಈ ದೇಶದಲ್ಲಿ ಹೊಸ ಮಾತಲ್ಲ. ಆ ಜಗಳದಲ್ಲಿ ನಾನು ಟ್ಯಾಬ್ ಒತ್ತುವವರ ಕಡೆ.

ಆದರೂ ಒಂದು ಮುಳ್ಳು ಉಳಿದಿದೆ. ಅದನ್ನು ತೆಗೆಯಬೇಕಾದರೆ ಕೆಲಸದ ವಿವರಕ್ಕೆ ಸ್ವಲ್ಪ ಇಳಿಯಬೇಕು. ಓದುಗರು ಬೇಸರ ಮಾಡಿಕೊಳ್ಳಬಾರದು. ನಮ್ಮ ಬದುಕನ್ನು ಆಳುತ್ತಿರುವ ಲೆಕ್ಕವನ್ನು ನಾವು ತಿಳಿಯದೆ ಬಿಟ್ಟರೆ ಅದು ಪುರೋಹಿತರ ಪಾಲಾಗುತ್ತದೆ.

1970ರಲ್ಲಿ ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ ಒಂದು ಪ್ರಬಂಧ ಬರೆದ. ಮಾಹಿತಿಯನ್ನೆಲ್ಲ ಸಾಲು ಮತ್ತು ಕಾಲಂಗಳ ಪಟ್ಟಿಗಳಾಗಿ ಇಡಿ. ಅದು ಯಂತ್ರದ ಒಳಗೆ ಎಲ್ಲಿ ಕೂತಿದೆ ಅನ್ನುವುದು ಕೇಳುವವನಿಗೆ ತಿಳಿದಿರಬೇಕಾಗಿಲ್ಲ ಅನ್ನುವುದು ಅದರ ಸಾರ. 1974ರಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಎಂಬಿಬ್ಬರು ಈ ಪಟ್ಟಿಗಳನ್ನು ಕೇಳುವುದಕ್ಕೆ ಒಂದು ಭಾಷೆ ಮಾಡಿದರು. ಸೀಕ್ವೆಲ್ ಅಂತ ಹೆಸರಿಟ್ಟರು. ಆ ಹೆಸರು ಬೇರೆ ಕಂಪನಿಯ ಸ್ವತ್ತಾಗಿದ್ದರಿಂದ ಆಮೇಲೆ ಎಸ್‌ಕ್ಯೂಎಲ್ ಆಯಿತು. 1986ರಲ್ಲಿ ಅಮೆರಿಕದಲ್ಲಿ ಅದಕ್ಕೊಂದು ನಿಗದಿತ ಪ್ರಮಾಣವೂ ಬಂತು. ಇಲ್ಲಿ ಒಂದು ಮಾತನ್ನು ಮರೆಯಬಾರದು. ಇದನ್ನು ಮಾಡಿದವರ ಆಸೆ ದೊಡ್ಡದಿತ್ತು. ಪ್ರೋಗ್ರಾಂ ಬರೆಯುವ ಪಂಡಿತರಲ್ಲದ ಸಾಮಾನ್ಯ ಕೆಲಸಗಾರರೂ ಯಂತ್ರವನ್ನು ನೇರವಾಗಿ ಪ್ರಶ್ನೆ ಕೇಳುವ ಹಾಗಾಗಬೇಕು ಅನ್ನುವುದು. ಗರ್ಭಗುಡಿಯ ಬಾಗಿಲು ತೆಗೆಯುವ ಆಸೆಯೇ ಅದು. ಬಾಗಿಲ ಮೇಲಿನ ಬೋರ್ಡು ಮಾತ್ರ ಇಂಗ್ಲಿಷಿನಲ್ಲಿತ್ತು.

ಈ ಭಾಷೆಯಲ್ಲಿ ಒಂದು ತಮಾಷೆ ಇದೆ. ಮೊದಲು ಸೆಲೆಕ್ಟ್ ಅಂತ ಬರೆದು ಏನು ಬೇಕು ಅಂತ ಹೇಳಬೇಕು. ಆಮೇಲೆ ಫ್ರಂ ಅಂತ ಬರೆದು ಯಾವ ರಿಜಿಸ್ಟರಿನಿಂದ ಅಂತ ಹೇಳಬೇಕು. ಸೆಲೆಕ್ಟ್ ಅಂತ ಬರೆದ ಗಳಿಗೆಯಲ್ಲಿ ಯಂತ್ರಕ್ಕೆ ನಾನು ಯಾವ ರಿಜಿಸ್ಟರಿನ ಮುಂದೆ ನಿಂತಿದ್ದೇನೆಂದೇ ಗೊತ್ತಿರುವುದಿಲ್ಲ. ಆದ್ದರಿಂದ ಕಾಲಂಗಳ ಹೆಸರನ್ನು ಸೂಚಿಸಲಾರದೆ ತಡವರಿಸುತ್ತದೆ. ಇದನ್ನು ಅರಿತೇ ಮೈಕ್ರೋಸಾಫ್ಟಿನವರು 2007ರಲ್ಲಿ ಲಿಂಕ್ ಎಂಬ ತಮ್ಮ ಕ್ವೆರಿ ಪದ್ಧತಿಯಲ್ಲಿ ಫ್ರಂ ಅನ್ನು ಮುಂದಕ್ಕೆ ತಂದರು. ಮನುಷ್ಯನ ಮಾತಿನ ಕ್ರಮವನ್ನು ಸೂಚಿಸುವ ಯಂತ್ರದ ಅನುಕೂಲಕ್ಕೆ ತಿರುಗಿಸಿದ ಮೊದಮೊದಲ ಹೆಜ್ಜೆಗಳಲ್ಲಿ ಅದೂ ಒಂದು ಅಂತ ನನ್ನ ಅನಿಸಿಕೆ. ಇರಲಿ.

ಸೂಚಿಸುವ ಉಪಕರಣಗಳಲ್ಲಿ ಎರಡು ಜಾತಿ. (ಜಾತಿ ಅನ್ನುವ ಪದ ಇಲ್ಲೂ ಬರಬೇಕೇ? ಬಂದುಬಿಡುತ್ತದೆ.) ಹಳೆಯದು, 2008ರ ಎಸ್‌ಕ್ಯೂಎಲ್ ಸರ್ವರಿನ ಜೊತೆ ಬಂದ ಇಂಟೆಲಿಸೆನ್ಸ್ ಇದ್ದ ಹಾಗೆ. ಅದು ಊಹೆ ಮಾಡುವುದಿಲ್ಲ. ರೆಕಾರ್ಡ್ ರೂಮಿನಲ್ಲಿ ಯಾವ ಯಾವ ರಿಜಿಸ್ಟರಿದೆ, ಒಳಗೆ ಯಾವ ಯಾವ ಕಾಲಂ ಇದೆ ಅಂತ ನೋಡಿ ಹೆಸರು ಹೇಳುತ್ತದೆ ಅಷ್ಟೆ. ಒಳ್ಳೆ ಅಟೆಂಡರ್ ಇದ್ದಂತೆ, "ಆ ಕಡತ ಮೂರನೇ ಬೀರುವಿನಲ್ಲಿದೆ ಸಾರ್" ಅನ್ನುವ ಥರ. ಹೊಸದು ಬೇರೆ. 2021ರ ಜೂನಿನಲ್ಲಿ ಗಿಟ್‌ಹಬ್ ಕೋಪೈಲಟ್ ಪರೀಕ್ಷೆಗೆ ಬಂತು, 2022ರ ಜೂನಿನಲ್ಲಿ ಎಲ್ಲರಿಗೂ ದುಡ್ಡಿಗೆ ಸಿಗುವಂತಾಯಿತು. ಆಮೇಲೆ ಇಂಥವು ಸಾಲುಗಟ್ಟಿ ಬಂದವು. ಇವು ಜಗತ್ತಿನಲ್ಲಿ ಬಹಿರಂಗವಾಗಿ ಸಿಗುವ ಲೆಕ್ಕವಿಲ್ಲದಷ್ಟು ಬರಹವನ್ನೂ ಪ್ರೋಗ್ರಾಮುಗಳನ್ನೂ ಅರೆದು ಕುಡಿದು, ಇಷ್ಟು ಬರೆದವನು ಮುಂದೆ ಏನು ಬರೆಯುವುದು ಹೆಚ್ಚು ಸಂಭವ ಅಂತ ಲೆಕ್ಕ ಹಾಕಿ ಮುಂದಿನ ಸಾಲನ್ನು ಮೂಡಿಸುತ್ತವೆ.

ಹೆಚ್ಚು ಸಂಭವ ಅಂದರೆ ಏನು? ಹೆಚ್ಚು ಜನ ಬರೆದದ್ದು. ಹಿಂದಿನಿಂದ ನಡೆದು ಬಂದದ್ದು. ಇದಕ್ಕೆ ನಮ್ಮ ಹಳ್ಳಿಗಳಲ್ಲಿ ಒಂದು ಹಳೆಯ ಹೆಸರಿದೆ: ರೂಢಿ. ಬಾವಿಯ ಹತ್ತಿರ ಹೋಗಬೇಡ ಅಂದವನನ್ನು ಯಾಕೆ ಅಂತ ಕೇಳಿದರೆ ಅವನು ಮನುಸ್ಮೃತಿಯ ಶ್ಲೋಕ ಹೇಳುತ್ತಿರಲಿಲ್ಲ. "ರೂಢಿ ಕಣಯ್ಯ" ಅನ್ನುತ್ತಿದ್ದ.

ಆ ಬರಹದಲ್ಲಿ ಇರುವುದಾದರೂ ಯಾರ ಲೆಕ್ಕ? ಕ್ವೆರಿ ಕಲಿಯುವವರೆಲ್ಲ ಕಂಡಿರುವ ನಾರ್ತ್‌ವಿಂಡ್ ಎಂಬ ಪಾಠದ ಡಾಟಾಬೇಸ್ ಒಂದಿದೆ, ಮೈಕ್ರೋಸಾಫ್ಟಿನವರು ಮಾಡಿದ್ದು. ತಿನ್ನುವ ಸಾಮಾನನ್ನು ಆಮದು ರಫ್ತು ಮಾಡುವ, ನಿಜಕ್ಕೂ ಇಲ್ಲದ ಒಂದು ಕಂಪನಿಯ ಪುಸ್ತಕ ಅದು. ಗಿರಾಕಿಗಳು, ಆರ್ಡರುಗಳು, ನೌಕರರು. ಪಾಠಗಳೆಲ್ಲ ಹೆಚ್ಚುಕಡಿಮೆ ಇದೇ ಅಂಗಡಿ ಲೆಕ್ಕ. ಯಾರು ಎಷ್ಟು ಕೊಂಡರು, ಯಾವ ತಿಂಗಳು ಎಷ್ಟು ವ್ಯಾಪಾರ. ಅಂಗಡಿಯವನಿಗೆ ಕೊಂಡವನ ಹೆಸರು ಮುಖ್ಯ, ಕೊಳ್ಳದವನು ಲೆಕ್ಕಕ್ಕಿಲ್ಲ. ನಮ್ಮ ಕೆಲಸ ಇದರ ಉಲ್ಟಾ. ಸ್ಕಾಲರ್‌ಶಿಪ್ಪು, ಪಿಂಚಣಿ, ಪಡಿತರ, ಮನೆ ಮಂಜೂರಾತಿ, ಯಾವುದನ್ನೇ ತಗೊಳ್ಳಿ, ಸಿಕ್ಕವರ ಪಟ್ಟಿ ಹೇಗೂ ಗೋಡೆ ಮೇಲೆ ಅಂಟುತ್ತದೆ. ಸಿಗದವರು ಯಾರು ಅನ್ನುವುದೇ ಪ್ರಶ್ನೆ. ಅಂಗಡಿ ಪುಸ್ತಕದಲ್ಲಿ ಪಳಗಿದ ಕೈ ಈ ಪ್ರಶ್ನೆಯನ್ನು ಮುಗಿಸುವಾಗ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡೆ. ಕಂಡೆ ಅಂದರೆ ಸುಳ್ಳು, ನಾನೇ ಮಾಡಿದೆ.

ಆಗ ಒಂದು ಕಚೇರಿಯಲ್ಲಿ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್ಪಿನ ಲೆಕ್ಕ ನೋಡುತ್ತಿದ್ದೆ. ಸಾಹೇಬರು ಸಂಜೆ ಮೀಟಿಂಗಿಗೆ ಹೊರಟಿದ್ದರು. "ಇನ್ನೂ ದುಡ್ಡು ಹೋಗದೇ ಇರೋರು ಎಷ್ಟು ಜನ ನೋಡ್ರೀ, ಬೇಗ" ಅಂದರು. ಎರಡು ರಿಜಿಸ್ಟರು. ಒಂದು ಅರ್ಜಿ ಹಾಕಿದ ವಿದ್ಯಾರ್ಥಿಗಳದು, ಇನ್ನೊಂದು ಹಣ ಪಾವತಿಯದು. ನಾನು ಸೆಲೆಕ್ಟ್ ಅಂತ ಶುರುಮಾಡಿ ವಿದ್ಯಾರ್ಥಿಗಳ ರಿಜಿಸ್ಟರಿನ ಹೆಸರು ಬರೆಯುವಷ್ಟರಲ್ಲಿ ಬೂದು ಸಾಲು ಮೂಡಿತು: ಯಾರ ನಂಬರು ಪಾವತಿಯ ರಿಜಿಸ್ಟರಿನ ನಂಬರುಗಳ ಪೈಕಿ ಇಲ್ಲವೋ ಅವರನ್ನು ಕೊಡು. ನಾಟ್ ಇನ್ ಅಂತ ಅದಕ್ಕೆ ಹೆಸರು. ಓದಿದರೆ ಸರಿಯಾಗಿಯೇ ಇದೆ. ಟ್ಯಾಬ್ ಒತ್ತಿದೆ. ಉತ್ತರ ಬಂತು: 0.

"ಒಬ್ರೂ ಇಲ್ವಾ? ಭೇಷ್" ಅಂದರು ಸಾಹೇಬರು. ಹೊರಟುಹೋದರು.

ಆ ಸೊನ್ನೆ ಹೇಗೆ ಬಂತು ಅಂತ ಕೇಳಿ. ಪಾವತಿಯ ರಿಜಿಸ್ಟರಿನಲ್ಲಿ ಒಂದೇ ಒಂದು ಸಾಲಿನಲ್ಲಿ ವಿದ್ಯಾರ್ಥಿಯ ನಂಬರು ಬರೆದಿರಲಿಲ್ಲ. ಹೆಸರು ಹೊಂದದೆ ಬ್ಯಾಂಕಿನಿಂದ ವಾಪಸು ಬಂದ ಯಾವುದೋ ಮೊತ್ತ, ಯಾರದು ಅಂತ ಗುರುತು ಸಿಗದೆ ಖಾಲಿ ಬಿಟ್ಟಿದ್ದರು. ಈ ಖಾಲಿಗೆ ನಲ್ ಅನ್ನುತ್ತಾರೆ. ನಲ್ ಅಂದರೆ ಸೊನ್ನೆಯಲ್ಲ, ಇಲ್ಲ ಅಂತಲೂ ಅಲ್ಲ, ಗೊತ್ತಿಲ್ಲ ಅಂತ. ಎಸ್‌ಕ್ಯೂಎಲ್‌ನಲ್ಲಿ ಸತ್ಯ, ಸುಳ್ಳು ಎರಡೇ ಅಲ್ಲ, ಗೊತ್ತಿಲ್ಲ ಅನ್ನುವ ಮೂರನೆಯದೂ ಇದೆ. ಈಗ ಒಬ್ಬಳು ಹುಡುಗಿಯನ್ನು ತೆಗೆದುಕೊಳ್ಳಿ. ಇವಳ ನಂಬರು ಪಾವತಿಯವರ ಪೈಕಿ ಇಲ್ಲವೇ ಅಂತ ಯಂತ್ರ ಒಂದೊಂದೇ ಸಾಲು ಹೋಲಿಸುತ್ತಾ ಬರುತ್ತದೆ. ಇಲ್ಲ, ಇಲ್ಲ, ಇಲ್ಲ. ಆ ಖಾಲಿ ಸಾಲಿಗೆ ಬಂದಾಗ ನಿಲ್ಲುತ್ತದೆ. ಆ ಖಾಲಿ ಇವಳದೇ ಆಗಿದ್ದರೂ ಆಗಿರಬಹುದಲ್ಲ! ಆದ್ದರಿಂದ "ಇವಳಿಗೆ ಸಂದಿಲ್ಲ" ಅಂತ ಖಚಿತವಾಗಿ ಹೇಳುವ ಹಾಗಿಲ್ಲ, ಗೊತ್ತಿಲ್ಲ. ಗೊತ್ತಿಲ್ಲದವರನ್ನು ಉತ್ತರಕ್ಕೆ ಸೇರಿಸುವುದಿಲ್ಲ ಅನ್ನುವುದು ಈ ಭಾಷೆಯ ನಿಯಮ. ಹೀಗೆ ಒಂದು ಖಾಲಿ ಜಾಗ ಹಣ ಸಿಗದ ಅಷ್ಟೂ ಮಕ್ಕಳನ್ನು ನುಂಗಿಹಾಕಿತು. ನಾಟ್ ಎಕ್ಸಿಸ್ಟ್ಸ್ ಅಂತ ಬೇರೆ ರೀತಿ ಬರೆದಿದ್ದರೆ ಹೀಗಾಗುತ್ತಿರಲಿಲ್ಲ. ಅನುಭವಸ್ಥರಿಗೆ ಇದು ಗೊತ್ತು. ನನಗೂ ಗೊತ್ತಿತ್ತು. ಕೈಯಲ್ಲಿ ಬರೆದಿದ್ದರೆ ನೆನಪಾಗುತ್ತಿತ್ತೋ ಏನೋ.

ಹನ್ನೆರಡು ದಿನದ ಮೇಲೆ ಕಚೇರಿ ಫೋನಿಗೆ ಒಬ್ಬ ತಾಯಿಯ ಕರೆ ಬಂತು. "ಅಣ್ಣಾ, ನಮ್ ಮಗೀದು ದುಡ್ಡು ಬಂದಿಲ್ಲ ಕನಣ್ಣಾ. ಕಾಲೇಜ್ನೋರು ಪೀಜು ಕಟ್ದೆ ಹಾಲ್ ಟಿಕೇಟು ಕೊಡಕಿಲ್ಲ ಅಂತಾವ್ರೆ. ಇಲ್ ಕೇಳುದ್ರೆ ಎಲ್ಲಾರ್ಗೂ ಹೋಗದೆ, ನಿಮ್ದು ಬಾಕಿ ಇಲ್ಲ ಅಂತಾರೆ." ನಾನು ಪರದೆ ನೋಡಿ "ಬಾಕಿ ಇಲ್ಲಮ್ಮ, ಪಟ್ಟಿಯಲ್ಲಿ ನಿಮ್ಮ ಮಗಳ ಹೆಸರಿಲ್ಲ" ಅಂದೆ. ಆ ತಾಯಿ ಒಂದು ಕ್ಷಣ ಸುಮ್ಮನಿದ್ದು "ಇಲ್ದೆ ಇರೋರ್ ಪಟ್ಟೀಲೂ ನಾವಿಲ್ವಾ?" ಅಂದಳು. ವ್ಯಂಗ್ಯವಾಗಿ ಅಂದದ್ದಲ್ಲ. ಅರ್ಥವಾಗದೆ ಕೇಳಿದಳು.

ಈಗ ಪ್ರಶ್ನೆಗೆ ಬರೋಣ. ಈ ತಪ್ಪು ಯಾರದು?

ಗೆಳೆಯನೊಬ್ಬ ಹೇಳಿದ, "ಕತ್ತಿ ಕೈ ಕುಯ್ದರೆ ಕತ್ತಿಗೆ ಯಾಕೆ ಬೈತೀಯ? ಓದದೆ ಒತ್ತಿದವನು ನೀನು." ಒಪ್ಪುತ್ತೇನೆ. ಆದರೆ ಕತ್ತಿಯ ಹೋಲಿಕೆ ಇಲ್ಲಿ ಅರ್ಧ ಮಾತ್ರ ಸರಿ. ಯಾವ ಕತ್ತಿಯೂ "ಇಲ್ಲಿ ಕುಯ್ಯಿ" ಅಂತ ಹೇಳುವುದಿಲ್ಲ. ಇದು ಹೇಳುತ್ತದೆ. ತಡವರಿಸದೆ, ಶುದ್ಧವಾದ ಅಕ್ಷರದಲ್ಲಿ, ನಾನು ಯೋಚಿಸಿ ಮುಗಿಸುವುದಕ್ಕೆ ಮೊದಲೇ ಹೇಳುತ್ತದೆ. ಇಂಗ್ಲಿಷಿನಲ್ಲಿ ತಡವರಿಸದೆ ಮಾತಾಡುವವರ ಮುಂದೆ ಬಾಯಿ ಮುಚ್ಚುವುದು ನನ್ನಂಥವನಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ನಾಲ್ಕು ತಲೆಮಾರಿನ ಅಭ್ಯಾಸ. ಮೇಲುಜಾತಿಯ ಸಹೋದ್ಯೋಗಿ ಆ ಬೂದು ಸಾಲನ್ನು "ಏಯ್ ಸುಮ್ನಿರು" ಅಂತ ಅಳಿಸಿಹಾಕುವುದನ್ನು ಕಂಡಿದ್ದೇನೆ. ನಾನು ಅದಕ್ಕೂ ಮನಸ್ಸಿನಲ್ಲೇ "ಹೌದು ಸಾರ್" ಅನ್ನುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಇದೆ.

ಅಂಬೇಡ್ಕರರು 1936ರಲ್ಲಿ, ಲಾಹೋರಿನಲ್ಲಿ ಮಾಡಲಾಗದೇ ಹೋದ ಆ ಭಾಷಣವನ್ನು ತಾವೇ ಅಚ್ಚು ಹಾಕಿಸಿದರಲ್ಲ, ಜಾತಿ ವಿನಾಶದ್ದು, ಅದರಲ್ಲಿ ನಿಯಮಕ್ಕೂ ತತ್ವಕ್ಕೂ ಒಂದು ವ್ಯತ್ಯಾಸ ಹೇಳುತ್ತಾರೆ. ನಿಯಮ ಅಡುಗೆಯ ಪಟ್ಟಿಯಿದ್ದ ಹಾಗೆ, ಏನು ಮಾಡಬೇಕು ಅಂತ ಹೇಳುತ್ತದೆ. ತತ್ವ ಹಾಗಲ್ಲ, ಅದು ಅಳೆದು ನೋಡುವ ಬಗೆಯನ್ನು ಕೊಡುತ್ತದೆ. ತತ್ವ ತಪ್ಪಾಗಿದ್ದರೂ ಅದರಂತೆ ಮಾಡಿದ ಕೆಲಸದಲ್ಲಿ ಮಾಡಿದವನ ಅರಿವಿದೆ, ಹೊಣೆ ಇದೆ. ನಿಯಮ ಸರಿಯಾಗಿದ್ದರೂ ಅದರಂತೆ ಮಾಡುವುದು ಯಾಂತ್ರಿಕ. ಅವರು ಇದನ್ನು ಹೇಳಿದ್ದು ಧರ್ಮದ ಬಗ್ಗೆ. ವಿಧಿ ನಿಷೇಧಗಳ ಕಂತೆಯನ್ನು ಧರ್ಮ ಅಂತ ಕರೆಯಲಾಗದು ಎಂಬ ವಾದ ಅದು. ನನಗೆ ಅದು ಟ್ಯಾಬ್ ಕೀಲಿಯ ಮೇಲೆ ಬರೆದಂತೆ ಕಾಣುತ್ತದೆ. ಯಂತ್ರ ಕೊಟ್ಟ ಸಾಲು ನೂರಕ್ಕೆ ತೊಂಬತ್ತು ಸಲ ಸರಿಯೇ ಇರಬಹುದು. ಆ ತೊಂಬತ್ತು ಸಲವೂ ನಾನು ಪ್ರಶ್ನೆ ಕೇಳಿಲ್ಲ. ಕೇಳಿದ ಹಾಗೆ ಆಗಿದೆ ಅಷ್ಟೆ.

ಇನ್ನೊಂದು ಪಾಲು ಸಾಹೇಬರದು. ಅವರು ಕೆಟ್ಟವರಲ್ಲ, ನಮ್ಮವರೇ. ಆದರೆ ಅವತ್ತು 0 ಬದಲು 5,000 ಬಂದಿದ್ದರೆ ಏನು ಮಾಡುತ್ತಿದ್ದರು? "ಏನ್ರೀ ಇದು, ಇನ್ನೊಂದ್ಸಲ ನೋಡ್ರೀ, ಎಲ್ಲೋ ತಪ್ಪಾಗಿದೆ" ಅಂತ ಮೂರು ಸಲ ತಿರುಗಿ ಕೇಳುತ್ತಿದ್ದರು. ಸೊನ್ನೆಯನ್ನು ಯಾರೂ ತಿರುಗಿ ಕೇಳಲಿಲ್ಲ. ಅಧಿಕಾರಕ್ಕೆ ಹಿತವಾದ ಉತ್ತರಕ್ಕೆ ಸಾಕ್ಷಿ ಬೇಕಾಗಿಲ್ಲ. ಊರಿನಲ್ಲಿ ಅಸ್ಪೃಶ್ಯತೆ ಇದೆಯೇ ಅಂತ ವಿಚಾರಿಸಲು ಬಂದ ಅಧಿಕಾರಿ ಪಂಚಾಯ್ತಿ ಕಟ್ಟೆಯ ಮೇಲೆ ಕೂತು "ಇಲ್ಲ" ಅಂತ ಬರೆದುಕೊಂಡು ಕಾಫಿ ಕುಡಿದು ಹೋಗುವುದು ಯಾರಿಗೆ ಗೊತ್ತಿಲ್ಲ? ಅದೂ ನಾಟ್ ಇನ್ ಕ್ವೆರಿಯೇ. ಕೇರಿಗೆ ಹೋಗಿ ಕೇಳಿಲ್ಲ, ಖಾಲಿ ಇದೆ, ಆದ್ದರಿಂದ ಇಲ್ಲ.

ಇನ್ನೂ ದೊಡ್ಡ ಲೆಕ್ಕಗಳಿವೆ. ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಹೆಸರಿವೆ. ಅದರಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನುವುವು ಹಿಂದಿನ ತಲೆಮಾರಿನವರು ಅವಮಾನದ ಹೆಸರನ್ನು ಕಳಚಿ ಹಾಕಿಕೊಂಡ ಗೌರವದ ಹೆಸರು. ಒಂದು ಕಡೆ ಎ.ಕೆ. ಅಂದರೆ ಹೊಲೆಯರು, ಇನ್ನೊಂದು ಕಡೆ ಮಾದಿಗರು. ಒಳಮೀಸಲಾತಿಗಾಗಿ 2025ರಲ್ಲಿ ನಾಗಮೋಹನ ದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿಸಬೇಕಾಗಿ ಬಂದದ್ದಕ್ಕೆ ಈ ಗೊಂದಲವೂ ಒಂದು ಕಾರಣ. ಈಗ ಇಂಥ ರಿಜಿಸ್ಟರಿನ ಮುಂದೆ ಕೂತು ಜಾತಿವಾರು ಲೆಕ್ಕ ಬೇಕು ಅಂತ ಎರಡು ಪದ ಬರೆಯಿರಿ. ಯಂತ್ರ ಕಣ್ಣು ಮಿಟುಕಿಸದೆ ಗ್ರೂಪ್ ಬೈ ಅಂತ ಜಾತಿ ಕಾಲಂನ ಮೇಲೆ ಗುಂಪು ಕಟ್ಟಿ ಮುಗಿಸುತ್ತದೆ. ಎ.ಕೆ. ಒಂದು ಗುಂಪು, ಹೊಲೆಯ ಒಂದು ಗುಂಪು, ಮಾದಿಗ ಒಂದು ಗುಂಪು. ಕಾಗದದ ಮೇಲೆ ಅಂಕಿ ಚೆನ್ನಾಗಿರುತ್ತದೆ. ಒಂದೇ ಮನೆಯ ಅಣ್ಣ ಒಂದು ಗುಂಪಿನಲ್ಲಿ, ತಮ್ಮ ಇನ್ನೊಂದರಲ್ಲಿ. ಅದರ ಮೇಲೆ ಸೀಟು, ಕೆಲಸ, ಹಂಚಿಕೆಯೆಲ್ಲ ನಿಲ್ಲುತ್ತದೆ. ಆ ಎರಡಕ್ಷರದ ಹಿಂದೆ ನೂರು ವರ್ಷದ ಮಾನದ ಹೋರಾಟ ಇದೆ ಅಂತ ಯಾವ ಕಾಲಂನಲ್ಲೂ ಬರೆದಿಲ್ಲ. ಬರೆಯದೇ ಇದ್ದದ್ದು ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಅದು ಗೊತ್ತಿರುವವರು ಆ ಕುರ್ಚಿಯಲ್ಲಿ ಕೂತಿರಬೇಕು. ಕೂತವರು ಬೂದು ಸಾಲಿನ ಮುಂದೆ ಬಾಯಿ ತೆರೆಯಬೇಕು.

ಶಾನುಭೋಗಿಕೆ 1961ರ ಕಾಯ್ದೆಯಿಂದ ಹೋಯಿತು. ಪಹಣಿಗಳು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದವು, ಸುಮಾರು 2 ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರು. ನಮ್ಮ ತಾತನ ಪ್ರಶ್ನೆಯನ್ನು ಈಗ ಯಾರು ಬೇಕಾದರೂ ಕೇಳಬಹುದು, ಒಂದು ಚೀಟಿ ಬರುತ್ತದೆ. ಇದು ಸಣ್ಣ ಮಾತಲ್ಲ, ಇದನ್ನು ಹಳಿಯುವವರ ಜೊತೆ ನಾನಿಲ್ಲ. ಆದರೆ ಆ ಹೊಲ ಮೊದಲು ಯಾರದಿತ್ತು, ಯಾವ ಕಾಲದಲ್ಲಿ ಯಾರ ಹೆಬ್ಬೆಟ್ಟಿನಿಂದ ಕೈ ಬದಲಾಯಿತು ಅಂತ ಕೇಳಬೇಕಾದರೆ ಅದು ಬೇರೆ ಪ್ರಶ್ನೆ. ಅದು ಹೆಚ್ಚು ಜನ ಕೇಳುವ ಪ್ರಶ್ನೆಯಲ್ಲ.

ಆ ತಾಯಿಯ ಕರೆ ಬಂದ ಸಂಜೆ ನಾನು ಸೂಚನೆ ಕೊಡುವ ಉಪಕರಣವನ್ನು ಆರಿಸಿ ಕ್ವೆರಿಯನ್ನು ಮೊದಲಿನಿಂದ ಕೈಯಲ್ಲಿ ಬರೆದೆ. 143 ಹೆಸರು ಬಂತು. ಅವಳ ಮಗಳು 88ನೆಯವಳು. ಪ್ರಿಂಟ್ ತೆಗೆದುಕೊಂಡು ಸಾಹೇಬರ ಟೇಬಲ್ಲಿನ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಮೇಲಿನವರಿಗೆ ಸೊನ್ನೆ ಅಂತ ಹೇಳಾಗಿದೆಯಲ್ರೀ. ಈಗೇನಂತ ಬರೆಯೋದು? ತಾಂತ್ರಿಕ ದೋಷ ಅಂತ ಬರೆದುಬಿಡಿ."

ತಾಂತ್ರಿಕ ದೋಷ. ಹಿಂದೆ ಇಂಥ ಜಾಗದಲ್ಲಿ ಹಣೆಬರಹ ಅಂತ ಬರೆಯುತ್ತಿದ್ದರು.

"ಸಾರ್, ಕ್ವೆರಿ ಬರೆದವನು ನಾನು" ಅಂದೆ.

"ನಿಮ್ಮ ಕಾಂಟ್ರಾಕ್ಟು ಮಾರ್ಚಿಗೆ ರಿನ್ಯೂ ಆಗಬೇಕು, ನೆನಪಿದೆಯಾ?" ಅಂದರು. ಬೆದರಿಕೆಯಲ್ಲ ಅದು. ನಿಜಕ್ಕೂ ನನ್ನ ಒಳ್ಳೆಯದಕ್ಕೇ ಹೇಳಿದರು.

ನೆನಪಿತ್ತು. ಟಿಪ್ಪಣಿ ಟೈಪು ಮಾಡಲು ಕೂತೆ. "ಸದರಿ ಪಟ್ಟಿಯು ತಪ್ಪಾಗಲು" ಅಂತ ಬರೆಯುವಷ್ಟರಲ್ಲಿ ಅಲ್ಲೂ ಬೂದು ಅಕ್ಷರ ಮೂಡಿತು, "ತಾಂತ್ರಿಕ ಕಾರಣಗಳೇ". ಅಳಿಸಿ ನನ್ನ ಹೆಸರು ಬರೆದೆ. 143 ಮಕ್ಕಳ ಪಟ್ಟಿಯನ್ನು ಅದಕ್ಕೆ ಲಗತ್ತಿಸಿ, ಮಾರನೆಯ ದಿನ ಮೊದಲ ಟಪಾಲಿಗೆ ಕೊಟ್ಟು ಬಂದೆ.